ಸಿಮೆಂಟ್ ಇಲ್ಲದ ಸ್ಟೆಮ್, ಮೂರು ಆಕಾರದ ತೊಡೆಮೂಳೆ: ಮಾದರಿ ಕೆಲಸ ಎಲ್ಲಿಗೆ ಬಂತು

ಸೊಂಟದ ಕೀಲು ಬದಲಿಸುವಾಗ ತೊಡೆಮೂಳೆಯ ಕೊಳವೆಯೊಳಗೆ ಕೂರಿಸುವ ಲೋಹದ ಕಡ್ಡಿಯೇ ಸ್ಟೆಮ್. ಅದನ್ನು ಮೂರು ಆಕಾರದ ಕೃತಕ ತೊಡೆಮೂಳೆಗಳಲ್ಲಿ ಕೂರಿಸಿ ನೋಡುವ ಕೆಲಸ ಇದು. ಮೂರೂ ಮಾದರಿಗಳ ಅಳತೆ ಮತ್ತು ಬ್ರೋಚಿಂಗ್ (ಬ್ರೋಚ್ ಎಂಬ ಹಲ್ಲುಳ್ಳ ಉಪಕರಣ ಹೊಡೆದು ಸ್ಟೆಮ್‌ಗೆ ಜಾಗ ಮಾಡುವುದು) ಮುಗಿದಿದೆ. ಭಾರ ಹಾಕಿ ಅಲುಗಾಟ ಅಳೆಯುವುದು ಬಾಕಿ. ಹೊರಪದರಕ್ಕೆ ನಾರು ಬೆರೆಸಿದ ಎಪಾಕ್ಸಿ, ಒಳಗಿನ ಜಾಲಮೂಳೆಯ ಜಾಗಕ್ಕೆ ಪಾಲಿಯುರೆಥೇನ್ ಫೋಮ್.

ಅಳತೆ ತೆಗೆದದ್ದು ಎರಡು ಕಡೆ: ಲೆಸ್ಸರ್ ಟ್ರೊಕ್ಯಾಂಟರ್‌ನಿಂದ (ತೊಡೆಮೂಳೆಯ ಮೇಲ್ಭಾಗದ ಒಳಬದಿಯ ಸಣ್ಣ ಉಬ್ಬು) 20 ಮಿ.ಮೀ. ಮೇಲೆ, ಮತ್ತು ಮಜ್ಜೆಕೊಳವೆ ಅತಿ ಕಿರಿದಾಗುವ ಇಸ್ತ್ಮಸ್‌ನಲ್ಲಿ. ಮೇಲಿನ ಅಗಲವನ್ನು ಕೆಳಗಿನದರಿಂದ ಭಾಗಿಸಿದರೆ ಕೆನಾಲ್ ಫ್ಲೇರ್ ಇಂಡೆಕ್ಸ್ ಸಿಗುತ್ತದೆ. ನೋಬಲ್ ಮತ್ತು ಸಂಗಡಿಗರು 1988ರಲ್ಲಿ ಕೊಟ್ಟ ಗಡಿಗಳನ್ನೇ ಇಟ್ಟುಕೊಂಡಿದೆ: 3ಕ್ಕಿಂತ ಕಡಿಮೆ ಬಂದರೆ ನೆಟ್ಟನೆಯ ಹೊಗೆಕೊಳವೆ, 3ರಿಂದ 4.7 ಸಾಮಾನ್ಯ, ಅದಕ್ಕೂ ಮೇಲೆ ಆಲಿಕೆ. ಮೊದಲ ಮಾದರಿ 45ಕ್ಕೆ 9, ಅಂದರೆ 5.0. ಎರಡನೆಯದು 44ಕ್ಕೆ 11.5, ಸುಮಾರು 3.8. ಮೂರನೆಯದು 43ಕ್ಕೆ 17, ಸುಮಾರು 2.5. ಮೇಲ್ಭಾಗ ಮೂರರಲ್ಲೂ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವೆಲ್ಲ ಕೆಳಗಿದೆ.

ನಿಜವಾದ ಎಕ್ಸ್‌ರೇಯಿಂದ ಇದೇ ಲೆಕ್ಕ ಮಾಡುವವರು ಚಿತ್ರ ಎಷ್ಟು ಹಿಗ್ಗಿದೆ ಎಂದು ತಿಳಿಯಲು ಇಡುವ 25 ಮಿ.ಮೀ. ಗುಂಡನ್ನು ಮೂಳೆಯ ಮಟ್ಟದಲ್ಲೇ ಇಡಬೇಕು, ಮೇಜಿನ ಮೇಲಲ್ಲ. ಕಾಲನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಬೇಕು. ಸವೆದ ಸೊಂಟದ ಕೀಲು ಹೊರಕ್ಕೆ ತಿರುಗಿಯೇ ಬಿಗಿದುಕೊಂಡಿರುವುದು ಹೆಚ್ಚು. ಆಗ ಮೂಳೆಯ ಕತ್ತು ಗಿಡ್ಡವಾಗಿ ಕಾಣುತ್ತದೆ, ಆಫ್‌ಸೆಟ್ (ತೊಡೆಮೂಳೆಯ ತಲೆಯ ನಡುವಿನಿಂದ ಮೂಳೆಯ ಅಕ್ಷಕ್ಕಿರುವ ದೂರ) ಕಡಿಮೆ ಬರುತ್ತದೆ, ಮೇಲಿನ ಅಗಲವೂ ಕೆಡುತ್ತದೆ. ಅಂಥಲ್ಲಿ ಸಿ.ಟಿ.ಯೇ ವಾಸಿ.

ಆಲಿಕೆ ಮಾದರಿ (ತೊಡೆಮೂಳೆಗಳ ಡೋರ್ ವಿಂಗಡಣೆಯಲ್ಲಿ ಎ ಬಗೆ). ಬೆಣೆಯಾಕಾರದ ಸ್ಟೆಮ್‌ನ ತುದಿ ಇಸ್ತ್ಮಸ್‌ನಲ್ಲಿ ಮೊದಲೇ ಕಚ್ಚಿಕೊಂಡಿತು. ಸುತ್ತಿಗೆಯ ಸದ್ದು ಗಟ್ಟಿಯಾಯಿತು, ಬ್ರೋಚ್ ಮುಂದೆ ಹೋಗಲಿಲ್ಲ. ಆದರೆ ಹಿಡಿಯನ್ನು ತಿರುಚಿದರೆ ಮೇಲ್ಭಾಗ ಹೊಯ್ದಾಡುತ್ತಿತ್ತು. ಬಿಗಿಯಾಯಿತು ಎಂದು ಮೋಸಹೋಗುವುದು ಇಲ್ಲಿಯೇ. ಮೂಳೆ ಬೆಳೆದು ಹಿಡಿಯಬೇಕಾದ ಒರಟು ಲೇಪನ ಮೇಲಿದೆ. ಭಾರವೆಲ್ಲ ತುದಿಯಿಂದ ಇಳಿದರೆ ಮೇಲಿನ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ, ತೊಡೆನೋವೂ ಬರಬಹುದು. ಇನ್ನೂ ಬಲವಾಗಿ ಹೊಡೆದರೆ ಮೂಳೆ ಸೀಳುತ್ತದೆ. ಇಸ್ತ್ಮಸ್ ಅನ್ನು 1 ಮಿ.ಮೀ. ರೀಮ್ ಮಾಡಿದ (ಕೊರೆದು ಅಗಲಿಸಿದ) ಮೇಲೆ ಅದೇ ಸೈಜು ಕೆಳಗಿಳಿದು ಮೇಲ್ಗಡೆ ಕೂತಿತು. ಕೆಳಭಾಗ ಸಣಕಲಾದ ಅಥವಾ ಗಿಡ್ಡ ಸ್ಟೆಮ್ ಇದಕ್ಕೆ ಇನ್ನೊಂದು ದಾರಿ.

ನಡುವಿನ ಮಾದರಿಯಲ್ಲಿ ಹೇಳುವಂಥದ್ದೇನೂ ಇಲ್ಲ, ಮೊದಲ ಯತ್ನದಲ್ಲೇ ಕೂತಿತು.

ಹೊಗೆಕೊಳವೆ ಮಾದರಿ (ಡೋರ್ ಸಿ) ತದ್ವಿರುದ್ಧ. ಬ್ರೋಚ್ ಎಲ್ಲೂ ನಿಲ್ಲುವುದಿಲ್ಲ. ಒಂದೊಂದೇ ಸೈಜು ಏರಿಸುತ್ತ ಹೋದಂತೆ ತೆಳ್ಳನೆಯ ಗೋಡೆ ಹಿಗ್ಗಿ, ಕ್ಯಾಲ್ಕಾರ್‌ನಲ್ಲಿ (ಕತ್ತಿನ ಕೆಳಗೆ ಒಳಬದಿಯ ಗಟ್ಟಿಮೂಳೆ) ಕೂದಲೆಳೆಯ ಬಿರುಕು ಬಿಟ್ಟಿತು. ದಪ್ಪ ಸ್ಟೆಮ್ ಹಾಕಿ ತುಂಬಿಬಿಡೋಣ ಅನ್ನುವುದಕ್ಕೂ ಬೆಲೆಯಿದೆ: ಬಾಗುವ ಬಿರುಸು ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 12ರಿಂದ 16 ಮಿ.ಮೀ.ಗೆ ಹೋದರೆ ಮೂರು ಪಟ್ಟಿಗೂ ಮಿಕ್ಕು. ಟೈಟಾನಿಯಂ ಮಿಶ್ರಲೋಹದ ಬಿರುಸು ಸುಮಾರು 110 ಗಿಗಾಪಾಸ್ಕಲ್, ಕೋಬಾಲ್ಟ್-ಕ್ರೋಮ್ ಅದರ ಎರಡರಷ್ಟು, ಗಟ್ಟಿಮೂಳೆಯದು 20ರೊಳಗೆ. ಈ ಆಕಾರಕ್ಕೆ ಬೆಣೆಯ ಸ್ಟೆಮ್ ಸರಿಹೊಂದದು. ಕಾಲರ್ (ಮೂಳೆಯ ಕತ್ತರಿಸಿದ ಅಂಚಿನ ಮೇಲೆ ಕೂರುವ ಚಾಚು) ಇರುವ, ಪೂರ್ತಿ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜ) ಲೇಪಿಸಿದ ಸ್ಟೆಮ್ ನೋಡಬೇಕು. ಮೂಳೆ ತೀರಾ ಟೊಳ್ಳಾಗಿದ್ದರೆ ಸಿಮೆಂಟೇ ಸುರಕ್ಷಿತ.

ಮುಂದಿನದು ಅಲುಗಾಟದ ಅಳತೆ. ಸ್ಟೆಮ್ ಮತ್ತು ಮೂಳೆಯ ನಡುವೆ ಚಲನೆ 40 ಮೈಕ್ರಾನ್‌ನೊಳಗಿದ್ದರೆ ಮೂಳೆ ಬೆಳೆದು ಹಿಡಿಯುತ್ತದೆ, 150 ದಾಟಿದರೆ ನಾರಿನ ಪೊರೆಯಷ್ಟೇ ಬೆಳೆಯುತ್ತದೆ. ನಡಿಗೆಯಲ್ಲಿ ಕೀಲಿನ ಮೇಲೆ ದೇಹತೂಕದ ಸುಮಾರು 2.4 ಪಟ್ಟು ಬಲ ಬೀಳುವುದರಿಂದ 70 ಕೆ.ಜಿ.ಗೆ 1,650 ನ್ಯೂಟನ್ ಇಟ್ಟುಕೊಂಡಿದೆ. ಜೊತೆಗೆ ತಿರುಚುವ ಬಲವೂ ಬೇಕು, ಮೆಟ್ಟಿಲು ಹತ್ತುವಾಗ ಸ್ಟೆಮ್ ಸಡಿಲಾಗುವುದು ಅದರಿಂದಲೇ.

ಸೆನ್ಸರ್ ಅನ್ನು ಮೂಳೆಗೇ ಬಿಗಿಯಬೇಕು. ಪೀಠಕ್ಕೆ ಬಿಗಿದರೆ ಮೂಳೆ ಬಾಗಿದ್ದೂ ಅಲುಗಾಟದ ಲೆಕ್ಕಕ್ಕೆ ಸೇರಿಬಿಡುತ್ತದೆ. ಭಾರ ತೆಗೆದಾಗ ವಾಪಸಾಗುವ ಚಲನೆ ಬೇರೆ, ಕುಸಿದು ಅಲ್ಲೇ ಉಳಿಯುವುದು ಬೇರೆ. ಎರಡಕ್ಕೂ ಪ್ರತ್ಯೇಕ ಕಾಲಂ. ಒಮ್ಮೆ ಬಳಸಿದ ಮಾದರಿಗೆ ಎರಡನೇ ಸ್ಟೆಮ್ ಹಾಕುವಂತಿಲ್ಲ, ಫೋಮ್ ಆಗಲೇ ಜಜ್ಜಿಹೋಗಿರುತ್ತದೆ. ಹಾಗಾಗಿ ಕಾಲರ್ ಇರುವ ಮತ್ತು ಇಲ್ಲದ ಸ್ಟೆಮ್‌ಗಳ ಹೋಲಿಕೆಗೆ ಡೋರ್ ಸಿ ಬಗೆಯ ಹೊಸ ಮಾದರಿಗಳು ಎರಡು ಬೇಕು.