ಮೇಷ್ಟ್ರು ಬೋರ್ಡ್ ಮೇಲೆ ಬರೆದ 12345654321

ಹೈಸ್ಕೂಲಿನ ಗಣಿತದ ಮೇಷ್ಟ್ರು ಅಂದರೆ ನನಗೆ ಮೊದಲು ನೆನಪಾಗುವುದು ಒಂದು ಸಂಖ್ಯೆ, 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಚಿಲ್ಲರೆ. ಹಿಂದಿನಿಂದ ಓದಿದರೂ ಅದೇ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದು, "ಇದು ನಮ್ಮ ನಾಡಿನ ಸಂಖ್ಯೆ ಕಣ್ರೋ" ಅಂದರು.

ಸುಮ್ನೆ ಅಭಿಮಾನಕ್ಕೆ ಹೇಳಿದ ಮಾತಲ್ಲ ಅದು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರ ಗುಣಾಕಾರದ ಲೆಕ್ಕಗಳಲ್ಲಿ ಕೆಲವಕ್ಕೆ ಎರಡೂ ಕಡೆಯಿಂದ ಒಂದೇ ಥರ ಓದುವ ಉತ್ತರ ಬರುತ್ತದೆ, ಅಂಥ ಉತ್ತರವನ್ನು ಅವರು ಕೊರಳ ಹಾರ ಅನ್ನುತ್ತಾರೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ ನಮ್ಮ ಈ ಸಂಖ್ಯೆ.

ಮೇಷ್ಟ್ರು ಅಲ್ಲಿಗೆ ಬಿಡಲಿಲ್ಲ. "ಚೆಂದ ಇದೆ ಅಂತ ನೋಡ್ತಾ ಕೂರಬೇಡಿ, ಒಡೀರಿ" ಅಂದರು. ಒಡೆಯೋದು ಅಂದರೆ ಅವಿಭಾಜ್ಯ ಸಂಖ್ಯೆಗಳಾಗಿ ಬಿಡಿಸುವುದು. ಇದು 111111ರ ವರ್ಗ. 111111 ಅಂದರೆ 111 ಗುಣಿಸು 1001. 111ರಲ್ಲಿ 3 ಮತ್ತು 37 ಇವೆ, 1001ರಲ್ಲಿ 7, 11, 13. ಐದು ಅವಿಭಾಜ್ಯಗಳು, ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ.

ಈಗ 441 ನೋಡಿ. 21ರ ವರ್ಗ, ಅಂದರೆ ಎರಡು 3, ಎರಡು 7. ಹಾಗಾದರೆ ಉಳಿದ 11, 13, 37 ಎಲ್ಲಾ ಆ ಕಡೆಯ 27994681ರಲ್ಲೇ ಇರಬೇಕು, ಅದೂ ವರ್ಗವೇ ಆಗಿರಬೇಕು, ಅಲ್ವಾ? ಹೌದು, ಅದು 5291ರ ವರ್ಗ. ನೋಡಿದರೆ ಯಾವ ಗುಣವೂ ಇಲ್ಲದಂತೆ ಕಾಣುವ ಆ ಎಂಟಂಕಿಯ ಒಳಗೆ ಇಷ್ಟು ಅಚ್ಚುಕಟ್ಟು ಇದೆ ಅಂತ ಗೊತ್ತಾದಾಗ ಆದ ಸಂತೋಷ ಇವತ್ತಿಗೂ ಹಾಗೇ ಇದೆ. ಆಮೇಲೆ ಯಾವ ದೊಡ್ಡ ಸಂಖ್ಯೆ ಕಂಡರೂ ಒಡೆದು ನೋಡುವ ಅಭ್ಯಾಸ ಅಂಟಿಕೊಂಡಿತು.

ಒಡೆದ ಮೇಲೆ ಬೇರೆ ಪ್ರಶ್ನೆಗಳೂ ಸಲೀಸು. ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಐದು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ಬಿಡಬಹುದು, ಒಂದು ಸಲ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ, ಐದು ಸಲ, ಒಟ್ಟು 243.

ಈಗ ಓದುತ್ತಿರುವ ಮಕ್ಕಳು ಕ್ಯಾಲ್ಕುಲೇಟರ್ ಬದಿಗಿಟ್ಟು ಪೇಪರ್ ಮೇಲೆ ಒಂದು ಮಾಡಿ ನೋಡಿ. ಒಂಬತ್ತು ಒಂದುಗಳ ವರ್ಗದವರೆಗೆ ಹಾರ ಹಾಗೇ ಬೆಳೆಯುತ್ತದೆ, 12345678987654321. ಹತ್ತು ಒಂದುಗಳಿಗೆ ಬಂದಾಗ ನಡುವಿನ ಸಾಲಿನ ಮೊತ್ತ 10 ಆಗಿ ದಶಕ ಎಡಕ್ಕೆ ಹೋಗುತ್ತದೆ, ಉತ್ತರ 1234567900987654321. 8 ಎಡಗಡೆಯಿಂದ ಎಲ್ಲಿಗೆ ಹೋಯಿತು ಅಂತ ನೀವೇ ಹುಡುಕಿ.