ಸಾಲದ ಸ್ಪ್ಯಾನಿಷ್

ನವೆಂಬರ್ 14, 2025, ಶುಕ್ರವಾರ
ಬೆಂಗಳೂರು

ರಾಗಿಗುಡ್ಡದಲ್ಲಿ ಮೆಟ್ರೋ ಹತ್ತಿದಾಗ ಸೀಟು ಸಿಗಲಿಲ್ಲ. ನಿಂತುಕೊಂಡೇ ನೋಟ್‌ಬುಕ್ ತೆಗೆದೆ. ಆಫೀಸಿನಲ್ಲಿ ಮೆಕ್ಸಿಕೋ ಗ್ರಾಹಕರ ಬಾಕಿ ಬಿಲ್ಲುಗಳು ನನ್ನ ಪಾಲಿಗೆ ಬಂದ ಮೇಲೆ ದುಡ್ಡು, ಸಾಲದ ಸ್ಪ್ಯಾನಿಷ್ ಪದಗಳನ್ನೇ ಕಲಿಯುತ್ತಿದ್ದೇನೆ.

ಇಷ್ಟು ದಿನ ಎಲ್ಲದಕ್ಕೂ ಇಂಗ್ಲಿಷ್ ಅರ್ಥ ಬರೆದುಕೊಳ್ಳುತ್ತಿದ್ದೆ. ‘ದೆಬೆರ್’ ಅನ್ನುವ ಪದ ತುಂಬಾ ಕಾಡುತ್ತಿತ್ತು. ಸಾಲ ಬಾಕಿ ಇದೆ ಅನ್ನೋದಕ್ಕೂ ಅದೇ, ಮಾಡಲೇಬೇಕು ಅನ್ನೋದಕ್ಕೂ ಅದೇ. ಬೊಮ್ಮನಹಳ್ಳಿ ಹತ್ತಿರ ತಟ್ಟನೆ ಹೊಳೆಯಿತು. ನಾವು ಹೇಳೋದೂ ಹಾಗೇ ಅಲ್ವಾ? ‘ತೆ ದೆಬೊ ಸಿಯೆನ್ ಪೆಸೊಸ್’, ನಿನಗೆ ನೂರು ಪೆಸೊ ಕೊಡಬೇಕು. ಸಾಲವೆಲ್ಲ ಆ ‘ಬೇಕು’ ಒಳಗೇ ಇದೆ! ಸಾಲ ತಗೊಳ್ಳೋದಕ್ಕೆ ಅವರು ‘ಪೆದಿರ್ ಪ್ರೆಸ್ತಾದೊ’ ಅನ್ನುತ್ತಾರೆ. ಪೆದಿರ್ ಅಂದರೆ ಕೇಳು. ನಮ್ಮ ‘ಸಾಲ ಕೇಳು’ ಪಕ್ಕದಲ್ಲಿ ಬರೆದ ಮೇಲೆ ಮರೆಯಲೇ ಇಲ್ಲ.

ಸಂಜೆ ಮನೆ ಹತ್ತಿರದ ಅಂಗಡಿಗೆ ಬೇಳೆ ತರಲು ಹೋದೆ. ತಕ್ಕಡಿ ಮೇಲುಗಡೆ ಹಳೇ ರಟ್ಟು, ಎಣ್ಣೆ ಕೈ ತಾಗಿ ಮೂಲೆ ಕಪ್ಪಾಗಿದೆ: ‘ಇಂದು ನಗದು, ನಾಳೆ ಸಾಲ’. ಸ್ಪ್ಯಾನಿಷ್ ಅಂಗಡಿಗಳಲ್ಲೂ ಇಂಥದ್ದೇ ಬೋರ್ಡ್ ಇರುತ್ತದೆ, ‘ಓಯ್ ನೊ ಸೆ ಫಿಯಾ, ಮನ್ಯಾನಾ ಸಿ’. ಇವತ್ತು ಸಾಲ ಇಲ್ಲ, ನಾಳೆ ಉಂಟು. ಅಂಗಡಿ ಅಣ್ಣನಿಗೆ ಓದಿ ಹೇಳಿದೆ. “ಅಲ್ಲೂ ಹಿಂಗೇನಾ?” ಅಂದು ಖುಷಿಪಟ್ಟರು. ‘ಫಿಯಾರ್’ ಅಂದರೆ ನಂಬಿ ಕೊಡುವುದು ಅಂದೆ. “ನಂಬದೆ ಯಾರು ಕೊಡ್ತಾರೆ?” ಅಂತ ಬೇಳೆ ಪೊಟ್ಟಣ ಕಟ್ಟಿದರು.

ರಾತ್ರಿ ಒಂದು ತಪ್ಪು ತಿದ್ದುತ್ತಿದ್ದೆ. ‘ದೆಉದಾ’ ಅಂದರೆ ಸಾಲ, ‘ದುದಾ’ ಅಂದರೆ ಅನುಮಾನ. ಮೇಲ್‌ನಲ್ಲಿ ಅದಲುಬದಲು ಮಾಡಿದ್ದೆ. ಹುಡುಕುವಾಗ ನಿಘಂಟಿನಲ್ಲಿ ‘ದೆಉದೊ’ ಸಿಕ್ಕಿತು. ಸಾಲದ ಪದದ ಮೂಲವೇ ಇದಕ್ಕೂ. ಅರ್ಥ ಮಾತ್ರ ನೆಂಟ, ಬಂಧು. ಈಗ ಹೆಚ್ಚಾಗಿ ಸತ್ತವರ ಮನೆಯವರಿಗೆ ಈ ಪದ ಬಳಸುತ್ತಾರೆ.

ಅಲ್ಲೇ ಪೆನ್ನು ನಿಂತಿತು. ಋಣಾನುಬಂಧ ಅಂತೀವಲ್ಲ! ನನ್ನ ಮೊದಲ ವರ್ಷದ ಕಾಲೇಜು ಫೀಸು ಕಟ್ಟಿದವರು ಸೋದರಮಾವ. ಕೆಲಸ ಸಿಕ್ಕಿದ ಮೇಲೆ ವಾಪಸ್ ಕೊಡಲು ಹೋದರೆ, “ನಮ್ಮ ನಮ್ಮಲ್ಲಿ ಎಂಥ ಸಾಲ ಮಗಾ?” ಅಂದು ನನ್ನ ಜೇಬಿಗೇ ತುರುಕಿದ್ದರು. ‘ದೆಉದೊ’ ಎದುರಿಗೆ ಬರೆದ ಇಂಗ್ಲಿಷ್ ಪದ ಹೊಡೆದುಹಾಕಿ ‘ಋಣದವರು’ ಅಂತ ಬರೆದೆ. ಮಾವ ಫೋನ್ ಮಾಡಿ ಮೂರು ವಾರ ಆಯಿತು. ಭಾನುವಾರ ನಾನೇ ಮಾಡುತ್ತೇನೆ.