ಒರೆಸುವ ಮೊದಲು ಟಾರ್ಚ್ ಹಿಡಿಯಿರಿ

ಚರ್ಚಿನ ಕಿಟಕಿಯ ಬಣ್ಣದ ಗಾಜಿನಲ್ಲಿ ಬರೆದ ಸಂತರ ಬಲಗೈಯ ಎರಡು ಬೆರಳುಗಳಿಗೆ ಈಗ ಗೆರೆಯಿಲ್ಲ. ಗಾಜು ಒಡೆದಿಲ್ಲ, ಅದರ ಬಣ್ಣವೂ ಮಾಸಿಲ್ಲ. ಆದರೆ ಬೆರಳನ್ನು ಬೆರಳಾಗಿ ತೋರಿಸುತ್ತಿದ್ದ ಕಂದು ಗೆರೆಗಳು ನಾವು ಒರೆಸುವ ಬನಿಯನ್ ವೇಸ್ಟ್ ಬಟ್ಟೆಗೆ ಹತ್ತಿಕೊಂಡು ಬಂದುಬಿಟ್ಟವು. ನೂರು ವರ್ಷ ದಾಟಿದ ಕೈಕೆಲಸ ಅದು. ಗ್ಲಾಸ್ ಲೈನಿನಲ್ಲಿರುವ ನಮ್ಮ ಹುಡುಗರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕಾರವಾರದಲ್ಲಿ ನಮ್ಮದು ಅಲ್ಯೂಮಿನಿಯಂ, ಗ್ಲಾಸ್ ಕೆಲಸ. ಸ್ಲೈಡಿಂಗ್, ಪಾರ್ಟಿಷನ್, ಅಂಗಡಿಗಳ ಟಫನ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನ ಬಾಗಿಲು. ಸಮುದ್ರದ ಗಾಳಿಗೆ ಸ್ಕ್ರೂ ಮೊದಲು ಹೋಗುತ್ತದೆ, ಆಮೇಲೆ ಹಿಂಜ್, ಆಮೇಲೆ ಗಿರಾಕಿಯ ತಾಳ್ಮೆ. ಹಾಗಾಗಿ ಎಲ್ಲಿ ಸಂದು ಕಂಡರೂ ಸಿಲಿಕೋನ್ ಗನ್ ಹಿಡಿಯುವುದು ಈ ಕಡೆಯ ಗ್ಲಾಸಿನವರ ಅಭ್ಯಾಸ. ಕರಾವಳಿಯ ಒಂದು ಹಳೆಯ ಇಗರ್ಜಿಯ ರಿಪೇರಿ ಹೊರಗಿನ ಕಂಟ್ರಾಕ್ಟರಿಗೆ ಸಿಕ್ಕಿತ್ತು. ಕಿಟಕಿಗಳ ಕೆಲಸ ಅವರಿಂದ ನಮಗೆ ಬಂತು. ರೇಟು ಸ್ಕ್ವೇರ್ ಫೂಟ್ ಲೆಕ್ಕದಲ್ಲಿ. ಚಿತ್ರವಿರುವ ಗಾಜಿಗೂ ಬಾತ್‌ರೂಮಿನ ಗಾಜಿಗೂ ಒಂದೇ ಅಳತೆಗೋಲು ಹಿಡಿದರೆ ಏನಾಗಬೇಕೋ ಅದೇ ಆಯಿತು.

ಚಿರೇಕಲ್ಲಿನ ಗೋಡೆ, ಎತ್ತರದ ಕಮಾನು ಕಿಟಕಿ, ಸೀಸದ ಪಟ್ಟಿಯಲ್ಲಿ ಕೂಡಿಸಿದ ಬಣ್ಣದ ತುಂಡುಗಳು. ಹಿಂದೆ ಯಾರೋ ಮಳೆ ತಡೆಯಲೆಂದು ಹೊರಗಿನಿಂದ ಅಕ್ರಿಲಿಕ್ ಶೀಟ್ ಬಡಿದು, ಸುತ್ತಲೂ ಸಿಲಿಕೋನ್ ಹಾಕಿ ಗಾಳಿಯಾಡದಂತೆ ಮುಚ್ಚಿದ್ದರು. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಜಾಗ ಇದು. ಸೀಸದ ಸಂದಿನಿಂದ ಒಳಗಿನ ಹಸಿ ಗಾಳಿ ನುಸುಳಿ ಶೀಟಿನ ಹಿಂದೆ ಸೇರುತ್ತದೆ, ಅಲ್ಲಿಂದ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲಿಗೆ ಕಾಯುತ್ತದೆ, ರಾತ್ರಿ ಬೆವರುತ್ತದೆ. ಶೀಟಿನ ಹಿಂದೆ ಹಸಿರು ಪಾಚಿ ಕಟ್ಟಿತ್ತು. ಕಬ್ಬಿಣದ ಅಡ್ಡಸರಳು ತುಕ್ಕು ಹಿಡಿದು ಉಬ್ಬಿ, ಕಲ್ಲಿನ ಅಂಚನ್ನೇ ಒಡೆದಿತ್ತು.

ಶೀಟ್ ಬಿಚ್ಚುವ ದಿನ ಮೋಡ ಕವಿದಿತ್ತು. ಕೊನೆಯ ಸ್ಕ್ರೂ ಬಿಟ್ಟ ಕೂಡಲೇ ಶೀಟು ಗಾಳಿಗೆ ಎದ್ದು ಪೈಪಿನ ಅಟ್ಟಣಿಗೆಯನ್ನೇ ಎಳೆಯತೊಡಗಿತು. ಮೂವರು ಹಿಡಿದು ಇಳಿಸಿದೆವು. ಅದು ಮುಗಿಯಿತು, ಇನ್ನು ಭಯವಿಲ್ಲ ಅನ್ನಿಸಿತು. ಒಳಬದಿಯಲ್ಲಿ ಗಾಜಿನ ಮೇಲೆ ಕಂದು ಪುಡಿಯಂಥದ್ದು ಕೂತಿತ್ತು. ಮೇಣದಬತ್ತಿಯ ಮಸಿ ಎಂದೇ ಎಲ್ಲರೂ ನಂಬಿದೆವು. ಸೂಪರ್‌ವೈಸರ್ ಕೆಳಗಿನಿಂದ ಕೂಗಿದರು: “ಸಾಫ್ ಮಾಡ್ರಿ ಮೇಸ್ತ್ರಿ, ಫೆಸ್ತಿಗೆ ಚಕಾಚಕ್ ಕಾಣ್ಬೇಕು.” ಹುಡುಗ ನೀಲಿ ಕ್ಲೀನರ್ ಹೊಡೆದು ಕೈಯ ಭಾಗದಿಂದ ಶುರು ಮಾಡಿದ. ಬಟ್ಟೆ ಮೇಲಕ್ಕೆ, ಮುಖದ ಕಡೆಗೆ ಹೋಗುತ್ತಿತ್ತು.

ಆಗಲೇ ನಾನು ಬಾಗಿದ ಸೀಸ ನೋಡಲೆಂದು ಟಾರ್ಚನ್ನು ಗಾಜಿಗೆ ಒರಗಿಸಿ ಓರೆಯಾಗಿ ಹಿಡಿದೆ. ಆ ‘ಮಸಿ’ಯಲ್ಲಿ ಕುಂಚದ ಗೆರೆಗಳಿದ್ದವು. ಹುಬ್ಬಿನ ಪಕ್ಕ ಸಣ್ಣ ಸಣ್ಣ ಎಳೆಗಳು, ಗಡ್ಡದ ನೆರಳು, ಕಣ್ಣಿನ ರೆಪ್ಪೆ. ಅಂಚುಗಳು ಸಿಪ್ಪೆಯೆದ್ದಿದ್ದವು. “ತಮಾ, ಕೈ ತೆಗಿ! ಒರೆಸ್ಬೇಡ, ಕೈ ತೆಗಿ!” ಎಂದು ಕೂಗಿದೆ. ಹುಡುಗ ಗಾಬರಿಯಾಗಿ ಹಿಂದಕ್ಕೆ ಸರಿದ, ಹಲಗೆ ಅಲುಗಿತು, ಅವನ ಸೊಂಟದ ಬೆಲ್ಟ್ ಹಿಡಿದು ನಿಲ್ಲಿಸಿದೆ. ಕೆಳಗಿನಿಂದ “ಏನಾಯ್ತು, ಏನಾಯ್ತು” ಎಂಬ ಕೂಗು. ಒರೆಸಿದ ಬಟ್ಟೆಯ ಮಡಿಕೆ ಬಿಚ್ಚಿ ನೋಡಿದರೆ ಕಂದು ಕಲೆ. ಮುಖ ಉಳಿದಿತ್ತು. ಎರಡು ಬೆರಳು ಹೋಗಿದ್ದವು.

ಈ ಕಿಟಕಿಗಳಲ್ಲಿ ನೀಲಿ, ಕೆಂಪು ಗಾಜಿನೊಳಗೇ ಇರುವ ಬಣ್ಣ. ಗಾಜು ಕರಗಿಸುವಾಗಲೇ ಲೋಹದ ಆಕ್ಸೈಡ್ ಸೇರಿಸುತ್ತಾರೆ, ನೀಲಿಗೆ ಕೋಬಾಲ್ಟ್ ಹಾಗೆ. ಅದನ್ನು ಎಷ್ಟು ಒರೆಸಿದರೂ ಏನೂ ಆಗದು. ಮುಖ, ಬೆರಳು, ಬಟ್ಟೆಯ ಮಡಿಕೆ ಮಾತ್ರ ಮೇಲೆ ಬರೆದದ್ದು. ಕಬ್ಬಿಣ ಅಥವಾ ತಾಮ್ರದ ಆಕ್ಸೈಡನ್ನು ಗಾಜಿನ ಪುಡಿಯೊಂದಿಗೆ ಅರೆದು, ಬರೆದು, 600 ಡಿಗ್ರಿ ದಾಟಿದ ಕುಲುಮೆಯಲ್ಲಿ ಸುಟ್ಟು ಕೂರಿಸುವುದು. ಸುಡುವುದು ಕಡಿಮೆಯಾದರೆ, ಅಥವಾ ಹತ್ತೊಂಬತ್ತನೇ ಶತಮಾನದ ಕೆಲವು ಕಡೆ ಮಾಡಿದಂತೆ ಬಣ್ಣದಲ್ಲಿ ಬೋರಾಕ್ಸ್ ಬೆರೆಸಿದ್ದರೆ, ತೇವಕ್ಕೆ ಅದು ಸಡಿಲವಾಗುತ್ತದೆ. ಸಂತರ ತಲೆಯ ಸುತ್ತಲಿನ ಹಳದಿ ಪ್ರಭೆಗೆ ಮಾತ್ರ ಏನೂ ಆಗಿರಲಿಲ್ಲ. ಅದು ಬೆಳ್ಳಿಯ ಲವಣ ಹಚ್ಚಿ ಸುಟ್ಟದ್ದು. ಹದಿನಾಲ್ಕನೇ ಶತಮಾನದ ಆರಂಭದಿಂದ ಯುರೋಪಿನವರು ಬಳಸುತ್ತಿರುವ ವಿದ್ಯೆ, ಗಾಜಿನ ಒಳಕ್ಕೇ ಇಳಿಯುತ್ತದೆ. ಇದನ್ನೆಲ್ಲ ನಾನು ಆಮೇಲೆ ಕೂತು ಓದಿ ತಿಳಿದುಕೊಂಡೆ. ಮೈಸೂರಿನ ಸಂತ ಫಿಲೋಮಿನಾ ಕ್ಯಾಥೆಡ್ರಲ್‌ನ ಫ್ರಾನ್ಸಿನ ಗಾಜುಗಳನ್ನು ಹಿಂದೆ ನೋಡಿದ್ದೆ. ಆಗ ನೋಡಿದ್ದು ಬಣ್ಣವನ್ನು ಮಾತ್ರ, ಗೆರೆಯನ್ನಲ್ಲ.

ಸೂಪರ್‌ವೈಸರಿಗೆ ಇದು ದೊಡ್ಡದಾಗಿ ಕಾಣಲಿಲ್ಲ. “ಕೆಳಗಿಂದ ಯಾರಿಗೆ ಕಾಣ್ತದೆ? ಬೋರ್ಡ್ ಬರೆಯೋ ಪೇಂಟರ್ ಕರೆಸಿ ಎಳೆಸಿದ್ರಾಯ್ತು.” ಫಾದರ್ ಒಪ್ಪಲಿಲ್ಲ, ಬೆರಳು ಹೋದದ್ದು ಹೋಯಿತು, ಅದರ ಮೇಲೆ ಎನಾಮೆಲ್ ಪೇಂಟ್ ಬೇಡ ಎಂದರು. ಅವರಿಗೆ ನಾನು ಋಣಿ. ಎರಡನೇ ಜಗಳ ಸೀಸದ್ದು. ಪ್ಯಾನೆಲ್ ಹೊಟ್ಟೆ ಬಂದಿದೆ, ಸೀಸ ತೆಗೆದು ಅಲ್ಯೂಮಿನಿಯಂ ಸೆಕ್ಷನ್ ಹಾಕಿ ಎಂದು ಆಫೀಸಿನಿಂದ ವಾಟ್ಸಾಪ್ ಬಂತು. ಸೀಸ ಮೆತ್ತಗಿರುವುದೇ ಅದರ ಗುಣ ಸ್ವಾಮಿ. ಗಾಳಿ ತಳ್ಳಿದಾಗ, ಬಿಸಿಲಿಗೆ ಹಿಗ್ಗಿದಾಗ ಅದು ಬಗ್ಗಿ ಗಾಜನ್ನು ಉಳಿಸುತ್ತದೆ. 1984ರ ಜುಲೈಯಲ್ಲಿ ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಕ್ಯಾಥೆಡ್ರಲ್‌ಗೆ ಬೆಂಕಿ ಬಿದ್ದಾಗ ಅಲ್ಲಿನ ‘ರೋಸ್ ವಿಂಡೋ’ ಎಂಬ ಗುಲಾಬಿ ಹೂವಿನಂಥ ದುಂಡು ಕಿಟಕಿಯಲ್ಲಿ ಸುಮಾರು 40,000 ಬಿರುಕು ಬಿಟ್ಟವು. ಆದರೂ ಕಿಟಕಿ ಉದುರಲಿಲ್ಲ, ಅದಕ್ಕೆ ಸ್ವಲ್ಪ ವರ್ಷಗಳ ಹಿಂದಷ್ಟೇ ಹೊಸ ಸೀಸ ಕಟ್ಟಿದ್ದರು. ಈ ಮಾತನ್ನು ವಾಟ್ಸಾಪಿನಲ್ಲೇ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಹೊರಗಿನ ರಕ್ಷಣೆ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮಳೆಗೆ ಅದು ಬೇಕೇ ಬೇಕು. ಯಾರ್ಕ್‌ನಲ್ಲೇ 1405–1408ರ ದೊಡ್ಡ ಪೂರ್ವ ಕಿಟಕಿಗೆ ಹತ್ತು ವರ್ಷದ ದುರಸ್ತಿ ಮಾಡಿ 2018ರಲ್ಲಿ ಮುಗಿಸಿದಾಗ ಹೊರಗೆ ಇನ್ನೊಂದು ಗಾಜು ಕೊಟ್ಟರು. ಆದರೆ ನಡುವೆ ಗಾಳಿ ಆಡುವಂತೆ. ಸಿಲಿಕೋನ್ ಹಾಕಿ ಮುಚ್ಚಿದ್ದು ರಕ್ಷಣೆಯಲ್ಲ, ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದ ಹಾಗೆ ಒಳಗಿನದು ಒಳಗೇ ನೆನೆಯುವಂತೆ ಮಾಡಿದ್ದು.

ಹೊಸ ಎಸ್ಟಿಮೇಟ್ ನಾನೇ ಬರೆದುಕೊಟ್ಟೆ. ‘ಕ್ಲೀನಿಂಗ್’ ಎಂಬ ಸಾಲು ಹೊಡೆದು ಹಾಕಿದೆ. ಬರೆದ ಗಾಜಿನ ಹತ್ತಿರ ಕನ್ಸರ್ವೇಟರ್, ಅಂದರೆ ಹಳೆಯ ಕಲಾಕೆಲಸ ಕಾಪಾಡುವ ಪರಿಣತರು, ಬಂದು ನೋಡುವವರೆಗೆ ಯಾರೂ ಬಟ್ಟೆ, ಬ್ರಷ್, ನೀರು ಒಯ್ಯುವಂತಿಲ್ಲ. ಅಡ್ಡಸರಳಿಗೆ ಮಾಮೂಲಿ 304 ಅಲ್ಲ, ಉಪ್ಪುಗಾಳಿಯನ್ನು ಹೆಚ್ಚು ತಡೆಯುವ 316 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್. ಹೊರಗಿನ ಟಫನ್ ಗಾಜು ಗೋಡೆಯಿಂದ ದೂರ ನಿಲ್ಲಬೇಕು, ಮೇಲೆ ಕೆಳಗೆ ಸಂದು ಬಿಟ್ಟು ಜಾಳಿಗೆ ಹಾಕಬೇಕು. ದರ ಸ್ಕ್ವೇರ್ ಫೂಟಿಗಲ್ಲ, ಕಿಟಕಿಗೆ ಇಷ್ಟು ಎಂದು. ಮೊತ್ತ ಏರಿತು ಎಂದು ಕಂಟ್ರಾಕ್ಟರ್ ಕಡೆಯವರು ಇನ್ನೂ ಸಹಿ ಹಾಕಿಲ್ಲ. ಮಳೆ ಕಾಯುವುದಿಲ್ಲವಲ್ಲ. ಸದ್ಯಕ್ಕೆ ಗಾಜಿಗೆ ತಾಗದಂತೆ ಬಿದಿರು ಕೊಟ್ಟು, ಇಳಿಜಾರಾಗಿ ತಾಡಪತ್ರಿ ಕಟ್ಟಿದ್ದೇವೆ. ಕೆಳಗಡೆ ಪೂರ್ತಿ ತೆರೆದಿದೆ.